ಮಾವನ ಕೆಸು, ಚೇರ್ಮನ್ನರ ಕೇಸು

ನಮ್ಮ ಸೋದರಮಾವ ಬಲು ಸಾಧು ಮನುಷ್ಯ ಎಂದು ಸೂರತ್ತಿನ ಕನ್ನಡಿಗರೆಲ್ಲ ಹೇಳುತ್ತಾರೆ. ಹೇಳಲಿ! ಸೂಪರ್ ಮಾರ್ಕೆಟ್ಟಿನ ಚೀಲ ಹಿಡಿದುಕೊಂಡು ಲಿಫ್ಟಿನಲ್ಲಿ ಅವರ ಕೈಗೆ ಸಿಕ್ಕಿಬಿದ್ದವರು ಇವರಲ್ಲಿ ಒಬ್ಬರೂ ಇಲ್ಲ. ನಾನು ವಾರವಾರವೂ ಸಿಕ್ಕಿಬೀಳುತ್ತೇನೆ. ಕತಾರ್‌ಗಾಮ್ ಬಡಾವಣೆಯ ಒಂದೇ ಕಟ್ಟಡದಲ್ಲಿ ನಾನು ನಡುವಿನ ಮಹಡಿ, ಮಾವ ಕೊನೆಯ ಮಹಡಿ. ಅವರ ತಲೆಯ ಮೇಲೆ ತಾರಸಿ, ತಾರಸಿಯ ತುಂಬ ಅವರ ತರಕಾರಿ ತೋಟ. ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ?

ನನ್ನ ಚೀಲಕ್ಕೆ ಕೈ ಹಾಕಲು ಅವರಿಗೆ ನನ್ನ ಅಪ್ಪಣೆ ಬೇಕಿಲ್ಲ. ಬೆಂಡೆಕಾಯಿ ತೆಗೆದು ತುದಿ ಮುರಿಯುತ್ತಾರೆ. ಅದು ಟಕ್ಕೆನ್ನದೆ ಬಾಗಿತೋ, ನನ್ನ ಕಥೆ ಮುಗಿಯಿತು!

"ಇದೆಂತ ಮಾರಾಯ್ತಿ, ಬೆಂಡೆಕಾಯಿಯಾ ರಬ್ಬರಾ?"

"ಬೆಂಡೆಕಾಯಿಯೇ ಮಾವ. ಇನ್ಶೂರೆನ್ಸ್ ಆಫೀಸಿಂದ ಕತ್ತಲೆಗೆ ಹೊರಬೀಳುವವಳಿಗೆ ಸಿಗುವುದು ಇದೇ."

"ಇದು ಸತ್ತು ಎಷ್ಟು ದಿನ ಆಯ್ತಂತೆ? ಬೊಜ್ಜ, ತಿಥಿ ಎಂತಾದ್ರೂ ಮಾಡಿದ್ದಾರಾ?"

ಲಿಫ್ಟಿನಲ್ಲಿದ್ದ ಎದುರುಮನೆಯ ಭಾಭಿ ಮಾವನ ಮುಖ ನೋಡಿ, "ಯಾರು ತೀರಿಕೊಂಡರು?" ಎಂದು ಹಿಂದಿಯಲ್ಲಿ ಮೆಲ್ಲಗೆ ಕೇಳಿದರು. ಬೆಂಡೆಕಾಯಿ ಎಂದು ಯಾವ ಬಾಯಲ್ಲಿ ಹೇಳಲಿ!

ಒಮ್ಮೆ ನನ್ನ ಗ್ರಹಚಾರ, ಅವರನ್ನೇ ಸೂಪರ್ ಮಾರ್ಕೆಟ್ಟಿಗೆ ಕರೆದೊಯ್ದೆ. ಈ ಊರಿನಲ್ಲಿ ಕೈಗಾಡಿಯ ತರಕಾರಿಯವರು ವ್ಯಾಪಾರ ಮುಗಿದ ಮೇಲೆ ಒಂದಿಷ್ಟು ಕೊತ್ತಂಬರಿ, ಹಸಿಮೆಣಸು ಪುಕ್ಕಟೆ ಹಾಕಿಕೊಡುತ್ತಾರೆ. ಅದಕ್ಕೆ 'ಮಸಾಲೊ' ಎಂದು ಹೆಸರು. ಮಾವ ಬಿಲ್ಲು ಮಾಡುವ ಹುಡುಗಿಯ ಮುಂದೆ ಸೋರೆಕಾಯಿ ಇಟ್ಟು, ಚೀಲದ ಬಾಯಿ ಅಗಲಿಸಿ ನಿಂತರು.

"ಬೆಹೆನ್, ಮಸಾಲೊ?"

ಆಕೆ ಪಾಪ, ಮಸಾಲೆಪುಡಿಯ ಕಪಾಟು ತೋರಿಸಿದಳು. ಅಷ್ಟೇ ಸಾಕಾಯಿತು! "ನಾಲ್ಕು ಕಡ್ಡಿ ಕೊತ್ತಂಬರಿಗೆ ಗತಿ ಇಲ್ಲದವರಿಗೆ ಇಷ್ಟು ದೊಡ್ಡ ಅಂಗಡಿ ಎಂತಕ್ಕೆ? ಎಸಿ ಎಂತಕ್ಕೆ?" ಎಂದು ಮಾವ ಗುಜರಾತಿಯಲ್ಲಿ ಗುಡುಗಿದರು. ಹಿಂದೆ ನಿಂತಿದ್ದ ಅಜ್ಜಿಯೊಬ್ಬರು, "ಕಾಕಾ ಹೇಳುವುದು ಸರಿ, ನನಗೂ ಮಸಾಲೊ ಬೇಕು" ಎಂದರು. ಆಮೇಲೆ ಸಾಲಿಗೆ ಸಾಲೇ ಮಸಾಲೊ ಕೇಳತೊಡಗಿತು! ನಾನು ಈಗ ಎರಡು ರಿಕ್ಷಾ ಬದಲಿಸಿ ಬೇರೆ ಅಂಗಡಿಗೆ ಹೋಗುತ್ತೇನೆ. ಸಿಟ್ಟು ಬರುತ್ತದೋ ಇಲ್ಲವೋ, ನೀವೇ ಹೇಳಿ.

ಆಫೀಸಿನಲ್ಲಾದರೂ ನೆಮ್ಮದಿ ಉಂಟೆ? ಗಂಡನನ್ನು ಕಳೆದುಕೊಂಡ ಹೆಂಗಸು ಕ್ಲೇಮಿಗಾಗಿ ಎದುರಿಗೆ ಕೂತು ಅಳುತ್ತಿರುವಾಗ ಮಾವನ ಫೋನು: "ಅಕ್ಕಿ ತೊಳೆದ ನೀರು ಚೆಲ್ಲಿದ್ದೀಯಾ ಹೇಗೆ?" ಆ ನೀರು ಅವರ ಕೆಸುವಿಗೆ. ಬಸಳೆ, ಹರಿವೆ, ಬದನೆ ಎಲ್ಲ ಇದ್ದರೂ ಪತ್ರೊಡೆಯ ಎಲೆ ಕೊಡುವ ಕೆಸು ಎಂದರೆ ಅವರಿಗೆ ಪಟ್ಟದ ರಾಣಿ. ಆ ರಾಣಿಗೆ ನೀರು ಹೊತ್ತು ತರಬೇಕಾದ ದಾಸಿ ನಾನು!

ಈ ಸಲ ನಮ್ಮ ಕಟ್ಟಡದ ಸೊಸೈಟಿಯವರು ತಾರಸಿಗೆ ಸೋಲಾರ್ ಹಾಕಿಸಲು ಹೊರಟರು. ಕುಂಡ, ಡ್ರಮ್ಮು ಎಲ್ಲವನ್ನೂ ತೆರವು ಮಾಡಬೇಕಂತೆ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮೀಟಿಂಗಿನಲ್ಲಿ ಮಾವ ಎದ್ದು ನಿಂತರು. ಇದೇ ಊರಿನಲ್ಲಿ ಆಯುಷ್ಯವೆಲ್ಲ ಉಡುಪಿ ಹೋಟೆಲು ನಡೆಸಿದವರು, ಗುಜರಾತಿ ನೀರು ಕುಡಿದ ಹಾಗೆ ಮಾತಾಡುತ್ತಾರೆ. ಆದರೆ ಸಿಟ್ಟು ನೆತ್ತಿಗೇರಿದರೆ ಅರ್ಧ ಗುಜರಾತಿ ಮರೆತು ಕನ್ನಡ ನುಗ್ಗಿಬಿಡುತ್ತದೆ.

"ಮಾರೋ ಕೆಸು ಛೆ! ನಾನು ಬಿಡುವವನಲ್ಲ! ಮಾರೋ ಕೆಸು ಛೆ!"

'ನನ್ನ ಕೆಸು ಉಂಟು' ಎಂದು ಅವರ ಅರ್ಥ. ಸೊಸೈಟಿಯ ಚೇರ್ಮನ್ನರ ಗುಜರಾತಿ ಕಿವಿಗೆ ಬಿದ್ದದ್ದು 'ಕೇಸ್'! ಪಾಪದವರ ಮುಖ ಬಿಳಿಚಿಕೊಂಡಿತು.

"ಕೇಸ್ ಹಾಕಿಬಿಟ್ಟಿರಾ ಕಾಕಾ? ಯಾವಾಗ?"

"ಎರಡು ವರ್ಷ ಆಯಿತು!"

"ಎಲ್ಲಿ?"

"ಊಪರ್!" ಎಂದು ಮಾವ ತಾರಸಿಯ ಕಡೆ ಬೆರಳೆತ್ತಿದರು.

ಮೇಲಿನ ಕೋರ್ಟು! ಚೇರ್ಮನ್ನರು ಕೈಮುಗಿದು, "ಕೇಸ್ ಪಾಛೋ ಖೇಂಚಿ ಲೋ ಕಾಕಾ" ಎಂದರು. ಕೇಸು ವಾಪಸು ತೆಗೆದುಕೊಳ್ಳಿ ಎಂದು. ಮಾವನಿಗೆ ಕೇಳಿಸಿದ್ದು 'ಖೇಂಚಿ' ಮಾತ್ರ. ಗಿಡವನ್ನು ಎಳೆದು ಕೀಳಲು ಹೇಳುತ್ತಿದ್ದಾರೆಂದು ತಿಳಿದು, "ಪ್ರಾಣ ಹೋದರೂ ಕೀಳಲಿಕ್ಕಿಲ್ಲ!" ಎಂದು ಮೇಜು ಗುದ್ದಿದರು. ಮೀಟಿಂಗು ಅಲ್ಲಿಗೆ ಬರಖಾಸ್ತಾಯಿತು.

ಮರುದಿನ ಬೆಳಿಗ್ಗೆ ಚೇರ್ಮನ್ನರು ನನ್ನ ಬಾಗಿಲು ಬಡಿದರು. "ಬೆಹೆನ್, ನೀವೇ ಮಾವನಿಗೆ ಬುದ್ಧಿ ಹೇಳಿ. ಕೋರ್ಟು ಕಚೇರಿ ನಮಗೆ ಬೇಡ." ನನಗೂ ಸಾಕಾಗಿತ್ತು. ಉರಿದುಕೊಂಡೇ ತಾರಸಿ ಹತ್ತಿದೆ.

"ಸಾಕು ಮಾವ ಈ ಹಠ! ಕೆಸುವಿನ ಎಲೆಯನ್ನು ಸೂಪರ್ ಮಾರ್ಕೆಟ್ಟಿನಲ್ಲಿ ತೊಳೆದು ಕಟ್ಟು ಕಟ್ಟಿ ಇಟ್ಟಿರುತ್ತಾರೆ. ಯಾರು ಕೇಳಿದ್ದಾರೆ ನಿಮ್ಮ ತಾಜಾ ತರಕಾರಿ? ಯಾರ ಉದ್ಧಾರಕ್ಕೆ ಇದೆಲ್ಲ?"

ತಿರುಗಿ ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಕವುಚಿ ಹಾಕಿದ ಬಕೆಟಿನ ಮೇಲೆ ಕೂತರು.

"ಹೋಟೆಲಿಗೆ ನಾನು ಯಾವತ್ತೂ ತಾಜಾ ತರಕಾರಿ ತಂದವನಲ್ಲ ಮಗಾ. ಮಾರ್ಕೆಟ್ ಮುಚ್ಚುವ ಹೊತ್ತಿಗೆ ಹೋಗಿ ಬಾಡಿದ್ದು, ಬಳಲಿದ್ದು ತರ್ತಿದ್ದೆ. ಖಾರ, ಹುಳಿ ಜಾಸ್ತಿ ಹಾಕಿದ್ರೆ ಗಿರಾಕಿಗೆ ಎಂತ ಗೊತ್ತಾಗ್ತದೆ? ನಿನ್ನಮ್ಮ ಹೋದ ಮೇಲೆ ನಿನ್ನನ್ನು ಊರಿಂದ ಕರ್ಕೊಂಡು ಬಂದೆನಲ್ಲ, ಕಾಲೇಜು ಮುಗಿಸಿ ನೀನೂ ಅಲ್ಲೇ ಬಂದು ಉಣ್ತಿದ್ದೆ. ಬೆಳೆಯುವ ಹುಡುಗಿ. ನಿನ್ನ ತಟ್ಟೆಗೂ ನಾನು ಅದನ್ನೇ ಹಾಕಿದೆ." ಬಗ್ಗಿ ಕೆಸುವಿನ ಬುಡದ ಮಣ್ಣು ಸರಿಮಾಡಿದರು. "ಈಗ ನೀನು ಚೀಲದಲ್ಲಿ ಅದೇ ಬಾಡಿದ್ದು ಹಿಡ್ಕೊಂಡು ಬಂದ್ರೆ ನಂಗೆ ನೋಡ್ಲಿಕ್ಕೆ ಆಗುದಿಲ್ಲ."

ಆ ಸಾಂಬಾರನ್ನು ನಾನು ಎರಡೆರಡು ಸಲ ಹಾಕಿಸಿಕೊಂಡು ಉಂಡಿದ್ದೆ. ತಾಯಿಯಿಲ್ಲದ ಆ ವರ್ಷಗಳಲ್ಲಿ ಹೊಟ್ಟೆ ತುಂಬುತ್ತಿದ್ದದ್ದು ಅಲ್ಲೊಂದೇ ಕಡೆ. ಹೇಳಬೇಕೆಂದುಕೊಂಡೆ, ಅಳು ಬಂದುಬಿಟ್ಟಿತು. ಕೆಸುವಿಗೆ ನೀರು ಹಾಕಿ ಕೆಳಗಿಳಿದೆ.

ಚೇರ್ಮನ್ನರು ಮೆಟ್ಟಿಲ ಬಳಿಯೇ ಕಾಯುತ್ತಿದ್ದರು. "ಏನಾಯಿತು ಬೆಹೆನ್? ಕಾಕಾ ಕೇಸ್ ವಾಪಸು ತೆಗೆದುಕೊಂಡರಾ?"

"ಇಲ್ಲ" ಎಂದೆ. "ಇವತ್ತಿನಿಂದ ಆ ಕೇಸಿನಲ್ಲಿ ನಾನೂ ಇದ್ದೇನೆ."