ಕಳೆದುಹೋಗುವವರು ಬೇಕಾಗಿದ್ದಾರೆ

ಲಾ ಪಾಸ್ ನಗರದ ಪರ್ವತ ಸಾಹಸ ರಕ್ಷಣಾ ನಿರ್ದೇಶನಾಲಯಕ್ಕೆ ಆ ವರ್ಷ ಇಪ್ಪತ್ತನಾಲ್ಕು ಜನರನ್ನು ಬೆಟ್ಟಗಳಿಂದ ರಕ್ಷಿಸುವ ಗುರಿ ನಿಗದಿಯಾಗಿತ್ತು. ನವೆಂಬರ್ ಮುಗಿಯುತ್ತ ಬಂದರೂ ಕಳೆದುಹೋದವರು ಒಂಬತ್ತೇ ಜನ. ಇದಕ್ಕೆ ಸಾರ್ವಜನಿಕರ ಅಸಹಕಾರವೇ ಕಾರಣವೆಂದು ನಿರ್ದೇಶನಾಲಯ ದಾಖಲಿಸಿಕೊಂಡಿತು.

ಹಿಂದೆಲ್ಲ ಹೀಗಿರಲಿಲ್ಲ. ಬೆನ್ನಿಗೆ ತಮ್ಮಷ್ಟೇ ಎತ್ತರದ ಚೀಲ ಹೇರಿಕೊಂಡು ಬರುತ್ತಿದ್ದ ವಿದೇಶೀಯರು ವಾರಕ್ಕೊಬ್ಬರಂತೆ ನಿಯತ್ತಾಗಿ ದಾರಿ ತಪ್ಪುತ್ತಿದ್ದರು. ಈಗ ಎಲ್ಲರ ಕೈಯಲ್ಲೂ ನಕ್ಷೆ ತೋರಿಸುವ ಫೋನು. ಹಿಮದ ಬೆಟ್ಟ ಹತ್ತಿ, ಹಗ್ಗ ಕಟ್ಟಿಕೊಂಡು ಬಂಡೆ ಇಳಿದು, ಪ್ರಪಾತದ ಅಂಚಿನಲ್ಲಿ ಸೈಕಲ್ಲು ಓಡಿಸಿ, ಸಂಜೆ ಊಟದ ಹೊತ್ತಿಗೆ ಒಬ್ಬರೂ ತಪ್ಪದೆ ವಾಪಸು ಬಂದುಬಿಡುತ್ತಿದ್ದರು. ಗುರಿ ಮುಟ್ಟದಿದ್ದರೆ ಜನವರಿಯಲ್ಲಿ ರಕ್ಷಣಾ ದಳವನ್ನು ವಿಸರ್ಜಿಸಿ ಸಿಬ್ಬಂದಿಯನ್ನು ಸ್ಮಶಾನ ನಿರ್ವಹಣೆಗೆ ವರ್ಗಾಯಿಸಲಾಗುವುದು ಎಂದು ಮೇಲಿನಿಂದ ಪತ್ರ ಬಂತು.

ನಿರ್ದೇಶಕಿ ಗ್ರಿಸೆಲ್ದಾ ಅರಾಮಾಯೊ ಧೃತಿಗೆಡಲಿಲ್ಲ. ಮಾರನೆಯ ದಿನವೇ ಪ್ರಕಟಣೆ ಹೊರಬಿತ್ತು: "ಕಳೆದುಹೋಗುವವರು ಬೇಕಾಗಿದ್ದಾರೆ. ಹುದ್ದೆ ಒಂದು. ಅಭ್ಯರ್ಥಿಯು ದೃಢಕಾಯನಾಗಿದ್ದು, ಕಚೇರಿಗೆ ಬರುವ ದಾರಿ ಬಲ್ಲವನಾಗಿರತಕ್ಕದ್ದು."

ಇದನ್ನು ಓದಿ ಅರ್ಜಿ ಹಾಕಿದವನು ಸೆವೆರೊ ಲಾರುಟಾ. ಐವತ್ತೆಂಟು ವರ್ಷ ವಯಸ್ಸು. ಮೂವತ್ತು ವರ್ಷ ಬೆಟ್ಟ ಹತ್ತುವವರಿಗೆ ದಾರಿ ತೋರಿಸಿದವನು, ಒಬ್ಬರನ್ನೂ ಮೇಲೆ ಬಿಟ್ಟು ಬಂದವನಲ್ಲ. ಫೋನು ಅವನ ಕೆಲಸವನ್ನೂ ಕಸಿದಿತ್ತು. 'ಮಾರ್ಗದರ್ಶಿ' ಎಂಬ ಹಲಗೆಯನ್ನು ಕೊರಳಿಗೆ ಹಾಕಿಕೊಂಡು ಬೀದಿಯಲ್ಲಿ ನಿಂತರೆ, ಪ್ರವಾಸಿಗಳು ಹಲಗೆಯ ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಿದ್ದರು.

ಸಂದರ್ಶನ ಗಂಭೀರವಾಗಿ ನಡೆಯಿತು.

"ದಾರಿ ತಪ್ಪಿದ ಅನುಭವ ಎಷ್ಟು ವರ್ಷದ್ದು?" ಎಂದು ನಿರ್ದೇಶಕಿ ಕೇಳಿದರು.

"ಒಂದು ಸಲಾನೂ ತಪ್ಪಿಲ್ಲ, ಮೇಡಮ್."

"ಪರವಾಗಿಲ್ಲ. ಹೊಸಬರು ಅಂತ ಬರ್ಕೊಳ್ತೀನಿ. ಜನನ ಪ್ರಮಾಣಪತ್ರ ಮೂರು ಪ್ರತಿ ತಂದಿದ್ದೀರಾ?"

ತಂದಿದ್ದ. ಬೇರೆ ಯಾರೂ ತಂದಿರಲಿಲ್ಲವಾದ್ದರಿಂದ ಅವನೇ ಆಯ್ಕೆಯಾದ.

ಸೇವಾ ನಿಯಮಗಳು ಸ್ಪಷ್ಟವಾಗಿದ್ದವು. ನೌಕರನು ಬೆಳಿಗ್ಗೆ ಎಂಟೂವರೆಗೆ ಹಾಜರಿ ಹಾಕಿ ಹತ್ತಕ್ಕೆ ಸರಿಯಾಗಿ ಕಳೆದುಹೋಗತಕ್ಕದ್ದು. ಕಳೆದುಹೋಗುವ ಸ್ಥಳವನ್ನು ಹಿಂದಿನ ದಿನವೇ ಬರಹದಲ್ಲಿ ತಿಳಿಸತಕ್ಕದ್ದು. ಊಟದ ವಿರಾಮದಲ್ಲಿ ಯಾವ ಕಾರಣಕ್ಕೂ ಕಳೆದುಹೋಗಿರತಕ್ಕದ್ದಲ್ಲ.

ಮೊದಲ ನಾಲ್ಕು ದಿನ ಎಲ್ಲ ಸುಸೂತ್ರವಾಗಿ ನಡೆಯಿತು. ಸೆವೆರೊ ತಾನು ಬರೆದುಕೊಟ್ಟ ಬಂಡೆಯ ಪಕ್ಕದಲ್ಲಿ ಕೋಕಾ ಎಲೆ ಜಗಿಯುತ್ತ ಕೂತಿರುತ್ತಿದ್ದ. ಕ್ಯಾಪ್ಟನ್ ರುಫೀನೊ ತನ್ನ ದಳದೊಂದಿಗೆ ವ್ಯಾನಿನಲ್ಲಿ ಬಂದು, ಅವನನ್ನು ಸ್ಟ್ರೆಚರಿನ ಮೇಲೆ ಮಲಗಿಸಿ, ಫೋಟೋ ತೆಗೆಸಿಕೊಂಡು ಕೆಳಗಿಳಿಸುತ್ತಿದ್ದ. ಐದನೆಯ ದಿನ ತಪಾಸಣಾಧಿಕಾರಿ ಎಫ್ರಾಯೀನ್ ಸಾನಾಬ್ರಿಯಾ ಅವರೂ ದಳದ ಜೊತೆಗೆ ಬಂದರು.

"ನೀವೀಗ ಎಲ್ಲಿದ್ದೀರಿ?" ಎಂದು ಅವರು ಸೆವೆರೊನನ್ನು ಕೇಳಿದರು.

"ಮುರುರಾಟಾ ಬೆಟ್ಟದ ಪಶ್ಚಿಮದ ಕೊಳ್ಳದಲ್ಲಿ ಸ್ವಾಮಿ. ಆ ಏರು ದಾಟಿದ್ರೆ ನಮ್ಮ ಭಾವಮೈದ ಲಾಮಾಗಳನ್ನ ಸಾಕಿರೋ ದೊಡ್ಡಿ."

ನಾಲ್ಕೂ ರಕ್ಷಣೆಗಳು ರದ್ದಾದವು. ತಾನೆಲ್ಲಿದ್ದೇನೆಂದು ತಿಳಿದ ವ್ಯಕ್ತಿ ಕಳೆದುಹೋದವನಲ್ಲ, ಕೂತವನು ಎಂದು ತಪಾಸಣಾಧಿಕಾರಿ ಷರಾ ಬರೆದರು. ಇನ್ನು ಮುಂದೆ ನೌಕರನು ಮನಃಪೂರ್ವಕವಾಗಿ ಕಳೆದುಹೋಗತಕ್ಕದ್ದು; ಸ್ಥಳವನ್ನು ದಳಕ್ಕೆ ತಿಳಿಸತಕ್ಕದ್ದಲ್ಲ.

ಆಮೇಲೆ ಸೆವೆರೊನ ಪಾಡು ಹೇಳತೀರದು. ತಪಾಸಣಾ ಕಚೇರಿಯವರು ಅವನ ಕಣ್ಣಿಗೆ ಬಟ್ಟೆ ಕಟ್ಟಿ, ವ್ಯಾನಿನಲ್ಲಿ ಸುತ್ತಿಸಿ ಸುತ್ತಿಸಿ, ಯಾವುದೋ ಇಳಿಜಾರಿನಲ್ಲಿ ಬಿಟ್ಟು ಬರುತ್ತಿದ್ದರು. ಬಟ್ಟೆ ಬಿಚ್ಚುವ ಮೊದಲೇ ಗಾಳಿ ಮೂಸಿದರೆ ಅವನಿಗೆ ಜಾಗ ಗೊತ್ತಾಗಿಬಿಡುತ್ತಿತ್ತು. ಗೊತ್ತಾದದ್ದನ್ನು ಮರೆಯಲು ಪ್ರಾಮಾಣಿಕವಾಗಿ ಪ್ರಯತ್ನಿಸಿದ. ಕಣ್ಣು ಮುಚ್ಚಿ ಗಿರಗಿರನೆ ತಿರುಗಿದ. ಕಾಲು ಮಾತ್ರ ತಾನಾಗಿ ಮನೆಯ ಕಡೆಗೇ ತಿರುಗುತ್ತಿತ್ತು. ಮೂರು ದಿನ ಸತತವಾಗಿ ದಳಕ್ಕಿಂತ ಮೊದಲೇ ಮನೆ ಸೇರಿದ.

"ಏನ್ರೀ, ಇವತ್ತೂ ಬಂದ್ಬಿಟ್ರಾ?" ಎಂದಳು ಹೆಂಡತಿ ಫಕುಂದಾ, ಸೂಪು ಬಡಿಸುತ್ತ. "ಮದ್ವೆಯಾದ ಹೊಸದ್ರಲ್ಲಿ ಚಿಚಾ ಹೆಂಡದಂಗಡಿಯಿಂದ ಮನೆಗೆ ಬರೋ ದಾರಿ ಮೂರು ಮೂರು ದಿನ ಸಿಕ್ತಿರ್ಲಿಲ್ಲ ನಿಮ್ಗೆ. ಈಗ ಸರ್ಕಾರನೇ ಕಳೆದುಹೋಗಪ್ಪಾ ಅಂದ್ರೆ ಆಗಲ್ವಾ?"

"ಅದು ಬೇರೆ ಕಣೇ. ಆವಾಗ ವಯಸ್ಸಿತ್ತು."

"ನಾಳೆ ಬೇಗ ಬಂದ್ರೆ ಬಾಗ್ಲು ತೆಗೆಯಲ್ಲ, ನೋಡಿ. ಇರೋದೊಂದು ಕೆಲ್ಸ."

ಹಾಗಾಗಿ ಡಿಸೆಂಬರ್ ಹತ್ತರಂದು ಸೆವೆರೊ ಹಲ್ಲು ಕಚ್ಚಿ ಬಂಡೆಯ ಮೇಲೆ ಕೂತೇ ಇದ್ದ. ಅವತ್ತು ಖುದ್ದು ನೋಡಲೆಂದು ನಿರ್ದೇಶಕಿಯೂ ತಪಾಸಣಾಧಿಕಾರಿಯೂ ದಳದ ಜೊತೆ ಹೊರಟಿದ್ದರು. ಮಧ್ಯಾಹ್ನವಾಯಿತು. ಮೋಡ ಕವಿದು ಆಲಿಕಲ್ಲು ಸುರಿಯತೊಡಗಿತು. ಮೂರು ಗಂಟೆಯಾದರೂ ಯಾರ ಸುಳಿವೂ ಇಲ್ಲ. ಹುದ್ದೆ ಬಿಟ್ಟು ಕದಲುವಂತಿಲ್ಲ. ಆದರೆ ಈ ಚಳಿಯಲ್ಲಿ ಕತ್ತಲಾದರೆ ಅವರ ಗತಿಯೇನು? ಆ ದಳ ಇದುವರೆಗೆ ಯಾರಾದರೂ ಮೊದಲೇ ತಿಳಿಸಿದ ಜಾಗಕ್ಕೆ ಹೋಗಿತ್ತೇ ಹೊರತು ಹುಡುಕಿ ಗೊತ್ತಿರಲಿಲ್ಲ. ಸೆವೆರೊ ಎದ್ದು, ಹೊದ್ದಿದ್ದ ಪೊಂಚೊ ಕೊಡವಿಕೊಂಡು, ತನ್ನನ್ನು ಹುಡುಕುವವರನ್ನು ಹುಡುಕಲು ಹೊರಟ.

ಎರಡು ಕೊಳ್ಳಗಳಾಚೆ ಒಂದು ಚಾಚುಬಂಡೆಯ ಕೆಳಗೆ ಹದಿನೈದು ಜನ ಕುರಿಗಳಂತೆ ಒತ್ತಿಕೊಂಡು ನಡುಗುತ್ತಿದ್ದರು. ಚಳಿಗೆ ಫೋನುಗಳೆಲ್ಲ ಸತ್ತಿದ್ದವು. ಸ್ಟ್ರೆಚರಿನ ಮೇಲೆ ಕಾಲು ಉಳುಕಿದ ನಿರ್ದೇಶಕಿ ಇದ್ದರು.

"ಯಾರದು?" ಎಂದು ಕ್ಯಾಪ್ಟನ್ ಕೂಗಿದ.

"ನಾನೇ, ಸೆವೆರೊ. ನೀವು ಹುಡುಕ್ತಿರೋನು."

"ಅಬ್ಬಾ, ಸಿಕ್ಬಿಟ್ರಾ! ಹೆದರ್ಬೇಡಿ ದೋನ್ ಸೆವೆರೊ. ಅಲ್ಲಾಡ್ದೆ ನಿಂತ್ಕೊಳ್ಳಿ. ನಾವು ನಿಮ್ಮನ್ನ ರಕ್ಷಿಸ್ತಾ ಇದ್ದೀವಿ."

"ಆಗ್ಲಿ ಕ್ಯಾಪ್ಟನ್. ಯಾವ ಕಡೆ ಹೋಗೋಣ?"

ಕ್ಯಾಪ್ಟನ್ ನಾಲ್ಕೂ ದಿಕ್ಕು ನೋಡಿದ. "ಅದೊಂದನ್ನ ನೀವೇ ಹೇಳ್ಬೇಕು."

ಸೆವೆರೊ ಮುಂದೆ ನಡೆದ. ಜಾರುವಲ್ಲಿ ಕೈ ಕೊಟ್ಟ, ಹಳ್ಳ ದಾಟುವಲ್ಲಿ ತಪಾಸಣಾಧಿಕಾರಿಯನ್ನು ಬೆನ್ನ ಮೇಲೆ ಹೊತ್ತ, ಎಲ್ಲರಿಗೂ ಕೋಕಾ ಎಲೆ ಹಂಚಿದ. ಎಷ್ಟೋ ದಿನಗಳ ಮೇಲೆ ಅವನಿಗೆ ಹಿತವೆನಿಸಿತು. ಕತ್ತಲಾಗುವ ಮೊದಲು ವ್ಯಾನು ಸಿಕ್ಕಿತು.

ಮಾರನೆಯ ದಿನ ಅವನಿಗೆ ನೋಟೀಸು ಬಂತು. ಕರ್ತವ್ಯದ ವೇಳೆಯಲ್ಲಿ ಕಳೆದುಹೋಗದೆ ಇದ್ದುದಕ್ಕೆ ಮತ್ತು ಅಧಿಕಾರವಿಲ್ಲದೆ ಹದಿನೈದು ಜನರನ್ನು ರಕ್ಷಿಸಿದ್ದಕ್ಕೆ ಸಮಜಾಯಿಷಿ ಕೇಳಿತ್ತು.

ಸೆವೆರೊ ಟೋಪಿ ಕೈಯಲ್ಲಿ ಹಿಡಿದು ನಿರ್ದೇಶಕಿಯ ಮುಂದೆ ನಿಂತ. "ತಪ್ಪಾಯ್ತು ಮೇಡಮ್. ಇನ್ನೊಂದ್ಸಲ ನಿಮ್ಮನ್ನ ಅಲ್ಲೇ ಬಿಟ್ಟು ಬರ್ತೀನಿ."

ನಿರ್ದೇಶಕಿ ಬೆರಳು ಮಡಿಸುತ್ತಿದ್ದರು. "ಎಫ್ರಾಯೀನ್ ಅವ್ರೇ, ಮೊದಲಿನ ಒಂಬತ್ತು. ನಿನ್ನೆ ಹದಿನೈದು."

"ಇಪ್ಪತ್ತನಾಲ್ಕು," ಎಂದರು ತಪಾಸಣಾಧಿಕಾರಿ.

"ನೀವೂ ಸೇರಿ."

"ನಾನು ತಪಾಸಣೆಗೆ ಬಂದವನು ಮೇಡಮ್. ನಾನು ಕಳೆದುಹೋಗೋಕೆ ಅವಕಾಶ ಇಲ್ಲ."

"ನಿನ್ನೆ ನಾಲ್ಕು ಗಂಟೆಗೆ ನೀವೆಲ್ಲಿದ್ರಿ ಹೇಳಿ, ನೋಡೋಣ."

ತಪಾಸಣಾಧಿಕಾರಿ ಪೆನ್ನು ತೆಗೆದು ಇಪ್ಪತ್ತನಾಲ್ಕರ ಲೆಕ್ಕಕ್ಕೆ ಸಹಿ ಹಾಕಿದರು.

ಹೀಗೆ ಇಲಾಖೆ ಪುನರ್ರಚನೆಗೊಂಡಿತು. ಕ್ಯಾಪ್ಟನ್ ರುಫೀನೊನ ದಳವನ್ನು ಖಾಯಂ ಕಳೆದುಹೋಗುವವರೆಂದು ಘೋಷಿಸಿ ಬಡ್ತಿ ಕೊಡಲಾಯಿತು. ಈ ಕೆಲಸಕ್ಕೆ ಅವರಿಗೆ ತರಬೇತಿಯೇ ಬೇಕಾಗಲಿಲ್ಲ. ಸೆವೆರೊನನ್ನು ಏಕವ್ಯಕ್ತಿ ರಕ್ಷಣಾ ದಳವಾಗಿ ನೇಮಿಸಲಾಯಿತು. ಫಕುಂದಾ ಅವನ ಸಮವಸ್ತ್ರವನ್ನು ಬಿಗಿ ಮಾಡಿಕೊಟ್ಟಳು.

ಡಿಸೆಂಬರ್ ಇಪ್ಪತ್ತೆಂಟರಂದು ಕಚೇರಿಗೆ ಒಂದು ಕರೆ ಬಂತು. ಮಿಕೆಲ್ ಎಂಬ ಡೆನ್ಮಾರ್ಕಿನ ಪ್ರವಾಸಿ, ಫೋನಿನ ನಕ್ಷೆ ಕೈಕೊಟ್ಟು, ಬೆಟ್ಟದಲ್ಲಿ ನಿಜವಾಗಿಯೇ ದಾರಿ ತಪ್ಪಿದ್ದ.

"ಈ ವರ್ಷದ್ದು ಮುಗಿದಿದೆ," ಎಂದರು ನಿರ್ದೇಶಕಿ ವಿನಯದಿಂದ. "ಇನ್ನೊಬ್ರನ್ನ ಸೇರಿಸಿದ್ರೆ ಮುಂದಿನ ವರ್ಷದ ಗುರಿ ಏರಿಸಿಬಿಡ್ತಾರೆ. ಜನವರಿ ಎರಡು, ಬೆಳಿಗ್ಗೆ ಹತ್ತು ಗಂಟೆ. ನಿಮ್ಮ ಸಂಖ್ಯೆ ಒಂದು. ಅಲ್ಲೀತನಕ ಇದ್ದಲ್ಲೇ ಇರಿ."

ಸೆವೆರೊ ಅರ್ಧ ದಿನದ ಸಾಂದರ್ಭಿಕ ರಜೆ ಬರೆದುಕೊಟ್ಟು ಬೆಟ್ಟಕ್ಕೆ ಹೋದ. ಬಂಡೆಯೊಂದರ ಪಕ್ಕ ಕೂತಿದ್ದ ಮಿಕೆಲನನ್ನು ಖಾಸಗಿಯಾಗಿ ಕರೆತಂದು, ಮನೆಯಲ್ಲಿ ಬಿಸಿ ಸೂಪು ಕುಡಿಸಿ, ಅವನ ವಸತಿಗೃಹಕ್ಕೆ ಬಿಟ್ಟ. ಇದನ್ನು ಎಲ್ಲೂ ದಾಖಲಿಸಲಿಲ್ಲ.

ಜನವರಿ ಎರಡರಂದು ಬೆಳಿಗ್ಗೆ ಸೆವೆರೊ ಸಮವಸ್ತ್ರ ತೊಟ್ಟು ಆ ಬಂಡೆಯ ಬಳಿಗೆ ಹೋದಾಗ ಮಿಕೆಲ್ ಚೀಲ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದ. ಕಚೇರಿ ಕೊಟ್ಟ ಸಮಯ ತಪ್ಪಬಾರದೆಂದು ಟ್ಯಾಕ್ಸಿ ಮಾಡಿಕೊಂಡು ಬೇಗನೆ ಬಂದಿದ್ದನಂತೆ. ಹತ್ತು ಹೊಡೆಯಲು ಇನ್ನೂ ಹನ್ನೆರಡು ನಿಮಿಷವಿತ್ತು. ಇಬ್ಬರೂ ಬಿಸಿಲು ಕಾಯಿಸಿಕೊಂಡು ಕೂತರು. ಸಾಲಿನಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ರಕ್ಷಣೆ ಬೇಗ ಮುಗಿಯಿತು. ತನ್ನ ದೇಶದಲ್ಲಿ ಇಂಥ ಕೆಲಸಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ ಎಂದು ಮಿಕೆಲ್ ಮೆಚ್ಚಿಕೊಂಡ.