ಸದ್ದಿಗೆ ಮುಂಗಡ ಕ್ಷಮೆ

ಮಿತ್ಸುಯೊ ಬಾಣಲೆಯಲ್ಲಿ ಮೊಟ್ಟೆಯ ಪದರವನ್ನು ಎರಡನೇ ಸುತ್ತು ಸುರುಳಿ ಮಾಡುತ್ತಿದ್ದಳು. ಗಂಡನ ಊಟದ ಡಬ್ಬಿಯಲ್ಲಿ ಅದಕ್ಕೆಂದು ಒಂದು ಮೂಲೆ ಖಾಲಿ ಇತ್ತು. ಮೇಜಿನ ಮೇಲೆ, ಅಚ್ಚುಕಟ್ಟಾಗಿ ಕಾಗದ ಸುತ್ತಿ ದಾರ ಕಟ್ಟಿದ ಮೂರು ಕೇಕಿನ ಪೊಟ್ಟಣಗಳು.

"ಯಾರ ಮನೇಲಿ ಏನಾಯ್ತು?" ಯಸುಹಿಕೊ ಕಾಲುಚೀಲ ಏರಿಸಿಕೊಳ್ಳುತ್ತ ಕೇಳಿದ.

"ಏನೂ ಆಗಿಲ್ಲ, ಇನ್ಮುಂದೆ ಆಗೋದಕ್ಕೆ. ಇವತ್ತು ಗಿಟಾರ್ ತರ್ತೀನಲ್ಲ, ಸದ್ದಾಗತ್ತೆ. ಅಕ್ಕಪಕ್ಕದವರ ಹತ್ರ ಕ್ಷಮೆ ಕೇಳ್ಬೇಕು."

"ಗಿಟಾರ್ ಬರೋಕೆ ಮುಂಚೆನೇ?"

"ಬಂದ್ಮೇಲೆ ಕೇಳಿದ್ರೆ ಅದು ತಪ್ಪೊಪ್ಪಿಗೆ ಆಗತ್ತೆ."

ಯಸುಹಿಕೊ ಒಪ್ಪಿದವನಂತೆ ತಲೆಯಾಡಿಸಿ ರೈಲಿಗೆ ಓಡಿದ. ಟೋಕಿಯೊದ ಆ ಹಳೆಯ ಕಟ್ಟಡದ ಗೋಡೆಗಳು ಎಷ್ಟು ತೆಳುವೆಂದರೆ, ಪಕ್ಕದವರು ಸೀನಿದರೆ ಈಚೆಯವರು ಕರವಸ್ತ್ರ ಹುಡುಕುತ್ತಿದ್ದರು.

ಆ ಮನೆಯಲ್ಲಿ ಮಿತ್ಸುಯೊ ತಾನಾಗಿ ಆರಿಸಿದ ವಸ್ತು ಒಂದೂ ಇರಲಿಲ್ಲ. ಪರದೆ ಅತ್ತೆ ಆರಿಸಿದ್ದು, ಫ್ರಿಜ್ಜು ಗಂಡ ಆರಿಸಿದ್ದು. ಅವಳ ಮೂಗಿನ ಮೇಲಿನ ಕನ್ನಡಕವೂ ಮಗಳ ಆಯ್ಕೆ. ಚಿಕ್ಕಂದಿನಲ್ಲಿ ಶಾಲೆಯ ಸಂಗೀತದ ಕೋಣೆಯಲ್ಲಿ ಇದ್ದದ್ದು ಒಂದೇ ಗಿಟಾರ್. ಅವಳ ಸರದಿ ಬರುವ ಹೊತ್ತಿಗೆ ಯಾವಾಗಲೂ ಗಂಟೆ ಹೊಡೆಯುತ್ತಿತ್ತು. ಈಗ ಐವತ್ತು ದಾಟಿದೆ. ಲಾಂಡ್ರಿಯ ಕೆಲಸಕ್ಕೆ ಇವತ್ತು ರಜೆ. ನಿಧಾನವಾದ ಹಾಡುಗಳನ್ನು ಬೆರಳಿನಲ್ಲೇ ಮೀಟಬೇಕು, ಅದಕ್ಕೆ ಹೊಂದುವ ಗಿಟಾರನ್ನು ತಾನೇ ಆರಿಸಬೇಕು ಎಂಬುದಷ್ಟೇ ಅವಳ ಆಸೆ.

ಮೂರೂ ಮನೆಗೆ ಪೊಟ್ಟಣ ಕೊಟ್ಟು ಸೊಂಟ ಬಗ್ಗಿಸಿ ಬಂದಳು. ಮುಗಿಯಿತು ಎಂದುಕೊಂಡಳು. ಆದರೆ ಕೇಕು ತೆಗೆದುಕೊಂಡವರು ಸುಮ್ಮನಿರುವುದುಂಟೆ? ಋಣ ತೀರಿಸಬೇಕಲ್ಲ. ಅವಳು ಬೂಟು ಹಾಕಿಕೊಂಡು ಹೊರಗೆ ಬಂದಾಗ ಮೆಟ್ಟಿಲ ಬಳಿ ಮೂವರೂ ಸಿದ್ಧರಾಗಿ ನಿಂತಿದ್ದರು. ಮೇಲಿನ ಮನೆಯ ಓನುಕಿ, ನಿವೃತ್ತ ಸ್ಟೇಷನ್ ಮಾಸ್ತರರು. ಬಲಗಡೆಯ ಮನೆಯ ಸೆರಿಜಾವಾ, ರಾತ್ರಿಪಾಳಿಯ ನರ್ಸು. ಎಡಗಡೆಯ ಮನೆಯ ತೊಕುನಾಗಾ ಅಜ್ಜಿ.

"ಕುವಾಬಾರಾ ಸಾನ್, ಒಬ್ರೇ ಹೋದ್ರೆ ಅಂಗಡಿಯವ್ರು ಏನಾದ್ರೂ ತಲೆಗೆ ಕಟ್ಬಿಡ್ತಾರೆ" ಎಂದರು ಓನುಕಿ, ಮಿತ್ಸುಯೊಳ ಮನೆತನದ ಹೆಸರು ಹಿಡಿದು, ರೈಲು ಹೊರಡಿಸುವವರ ಗತ್ತಿನಲ್ಲಿ.

ಒಚನೊಮಿಜು ಬಡಾವಣೆಯ ವಾದ್ಯದ ಬೀದಿಯಲ್ಲಿ ಅಂಗಡಿಗೆ ಅಂಗಡಿ ಅಂಟಿಕೊಂಡು ಗಿಟಾರುಗಳೇ ನೇತಾಡುತ್ತವೆ. ಮೊದಲ ಅಂಗಡಿಯಲ್ಲೇ ಓನುಕಿ ಎಲ್ಲಕ್ಕಿಂತ ದೊಡ್ಡ, ಉಕ್ಕಿನ ತಂತಿಯ ಗಿಟಾರಿಗೆ ಬೆರಳು ತೋರಿಸಿದರು. ಪ್ಲಾಟ್‌ಫಾರ್ಮಿನ ಕೊನೆಯವರೆಗೂ ಕೇಳಿಸದಿದ್ದರೆ ಅದೆಂಥ ವಾದ್ಯ ಎಂಬುದು ಅವರ ವಾದ. ಅಂಗಡಿಯ ಹುಡುಗಿ ಶ್ರುತಿ ಮಾಡಿ ಎರಡೂ ಕೈಯಲ್ಲಿ ನೀಡಿದಳು. ಅದನ್ನು ಅಪ್ಪಿಕೊಂಡ ಮಿತ್ಸುಯೊ, ಮಳೆ ಬಂತೆಂದು ಬಿಸಿಲಿಗೆ ಹಾಕಿದ ಹಾಸಿಗೆಯನ್ನು ಒಳಗೆ ಹೊರುವವಳಂತೆ ಕಂಡಳು. ಆಚೆಯಿಂದ ನೋಡಿದವರಿಗೆ ಕನ್ನಡಕ ಮಾತ್ರ ಕಾಣುತ್ತಿತ್ತು.

ಅಜ್ಜಿ ನೈಲಾನ್ ತಂತಿಯದ್ದೇ ಆಗಬೇಕೆಂದರು, ಅದರಲ್ಲಿ ಬೆರಳು ನೋಯುವುದಿಲ್ಲವಂತೆ. ಬೆರಳು ನೋಯಲಿಲ್ಲ ನಿಜ, ಯಾಕೆಂದರೆ ಆ ಗಿಟಾರಿನ ಅಗಲವಾದ ಕತ್ತಿನ ಮೇಲೆ ಕೊನೆಯ ತಂತಿಗೆ ಅವು ಎಟುಕಲೇ ಇಲ್ಲ.

ಹಗಲು ಮಲಗುವ ಸೆರಿಜಾವಾಗೆ ಎಲೆಕ್ಟ್ರಿಕ್ ಗಿಟಾರೇ ಸರಿ ಎನ್ನಿಸಿತ್ತು. "ಹೆಡ್‌ಫೋನ್ ಹಾಕ್ಕೊಂಡ್ರೆ ನಿಮ್ಗೆ ಮಾತ್ರ ಕೇಳತ್ತೆ. ಇರೋದೇ ಗೊತ್ತಾಗಲ್ಲ" ಎಂದಳು ಆಸೆಯಿಂದ. ಮಿತ್ಸುಯೊ ಹೆಡ್‌ಫೋನ್ ಏರಿಸಿ ಒಂದು ತಂತಿ ಎಳೆದಳು. ಅವಳಿಗೇನೂ ಕೇಳಿಸಲಿಲ್ಲ, ಹೆಡ್‌ಫೋನಿನ ವೈರು ಎಲ್ಲೂ ಸಿಕ್ಕಿಸದೆ ನೆಲದ ಮೇಲಿತ್ತು. ಕೇಳಿಸಿದ್ದು ಇಡೀ ಅಂಗಡಿಗೆ. ಎಲ್ಲರೂ ತಿರುಗಿದ್ದನ್ನು ಕಂಡು ಗಾಬರಿಯಾಗಿ ನಾಲ್ಕು ದಿಕ್ಕಿಗೂ ಬಗ್ಗಿ ಕ್ಷಮೆ ಕೇಳಿದಳು. ಮೂರನೇ ದಿಕ್ಕಿಗೆ ಬಗ್ಗುವಾಗ ಗಿಟಾರಿನ ತಲೆ ತಗುಲಿ ತಂತಿ ಮೀಟುವ ಬಿಲ್ಲೆಗಳ ಡಬ್ಬ ಉರುಳಿತು. ಬಣ್ಣಬಣ್ಣದ ಬಿಲ್ಲೆಗಳು ಹಬ್ಬದ ಮಿಠಾಯಿಯಂತೆ ನೆಲದ ತುಂಬ ಹರಡಿದವು. ಮಿತ್ಸುಯೊ ಅವುಗಳಿಗೂ ಒಮ್ಮೆ ಬಗ್ಗಿದಳು.

ಮಂಡಿಯೂರಿ ಬಿಲ್ಲೆ ಹೆಕ್ಕುವಾಗಲೇ ಅದು ಕಂಡದ್ದು. ಕೆಳಗಿನ ಮೂಲೆಯಲ್ಲಿ, ಹುರಿದ ಚಹಾದ ಬಣ್ಣದ ಒಂದು ಪುಟ್ಟ ಗಿಟಾರ್. ತೊಡೆಯ ಮೇಲಿಟ್ಟಳು. ಪರಿಚಯದ ಬೆಕ್ಕಿನಂತೆ ಕೂತುಬಿಟ್ಟಿತು. ಕತ್ತು ತೆಳು, ತಂತಿ ಒತ್ತಲು ಹಗುರ. ಮೀಟಿದಾಗ ಬಂದ ಸ್ವರ ಅವಳ ಪಕ್ಕೆಗೆ ತಾಗಿ ಅಲ್ಲೇ ನಿಂತಿತು.

"ನಿಮ್ಮ ಕೈಗೆ ಇದೇ ಸರಿಹೋಗತ್ತೆ" ಎಂದಳು ಅಂಗಡಿಯ ಹುಡುಗಿ.

ಮಿತ್ಸುಯೊ ತಲೆಯೆತ್ತಿದಳು. ಮೂವರೂ ತಲೆ ಓರೆ ಮಾಡಿ, ಹಲ್ಲಿನ ಸಂದಿಯಿಂದ ಸುಯ್ ಎಂದು ಗಾಳಿ ಎಳೆದುಕೊಂಡರು. ಯಾರೂ ಬೇಡ ಎನ್ನಲಿಲ್ಲ. ಬೇಡ ಎನ್ನುವುದಕ್ಕೆ ಅದಕ್ಕಿಂತ ಗಟ್ಟಿಯಾದ ಸದ್ದು ಆ ಊರಿನಲ್ಲಿಲ್ಲ. ಇದನ್ನು ಕೊಂಡರೆ ಮೂವರ ಮುಖಭಂಗ. ಅವರು ಹೇಳಿದ ಒಂದನ್ನು ಕೊಂಡರೆ ಇಬ್ಬರದು. ದಿನವೂ ಮೆಟ್ಟಿಲ ಮೇಲೆ ಸಿಗುವ ಮುಖಗಳು.

"ಇನ್ನೊಂದ್ಸಲ ಯೋಚ್ನೆ ಮಾಡ್ತೀನಿ" ಎಂದು ಗಿಟಾರನ್ನು ಅದರ ಮೂಲೆಗೆ ಮರಳಿಸಿದಳು. ಹೊರಗೆ ಬಂದಾಗ ಮೂವರಿಗೂ ಇದ್ದಕ್ಕಿದ್ದಂತೆ ಬೇರೆ ಬೇರೆ ಕೆಲಸ ನೆನಪಾಯಿತು. ಅವಳು ಒಬ್ಬಳೇ ಮನೆಗೆ ಬಂದು ಅಕ್ಕಿ ತೊಳೆದಳು.

ಅನ್ನ ಬೇಯುವಾಗ ಕರೆಗಂಟೆ ಸದ್ದಾಯಿತು. ಓನುಕಿ, ಕೈಯಲ್ಲಿ ಕೇಕಿನ ಪೊಟ್ಟಣ. "ಅಷ್ಟು ಹೇಳಿ ಆ ದೊಡ್ಡ ಗಿಟಾರ್ ನಾನೇ ಕೊಳ್ಳದಿದ್ರೆ ಹೇಗೆ ಅನ್ನಿಸ್ತು, ತಂದ್ಬಿಟ್ಟೆ. ನಾಳೆಯಿಂದ ಸ್ವಲ್ಪ ಸದ್ದಾಗತ್ತೆ, ದಯವಿಟ್ಟು ಕ್ಷಮಿಸ್ಬೇಕು" ಎಂದು ಸೊಂಟ ಬಗ್ಗಿಸಿದರು. ಪೊಟ್ಟಣದ ದಾರದ ಗಂಟು ಬೆಳಿಗ್ಗೆ ತಾನೇ ಹಾಕಿದ್ದು ಎಂದು ಮಿತ್ಸುಯೊಗೆ ಗುರುತಾಯಿತು.

ಆಮೇಲೆ ಸೆರಿಜಾವಾ ಬಂದಳು, ಅವಳ ಕೈಯಲ್ಲೂ ಪೊಟ್ಟಣ. ಗಿಟಾರ್ ತಂದಿದ್ದಾಳೆ, ಹೆಡ್‌ಫೋನ್ ಇನ್ನೂ ತಂದಿಲ್ಲ. ಕೊನೆಗೆ ತೊಕುನಾಗಾ ಅಜ್ಜಿ.

"ನೈಲಾನ್ ತಂತೀದು ತಂದ್ರಾ, ಅಜ್ಜಿ?"

"ಅಯ್ಯೋ, ಅದು ಅಗಲ ಕಣಮ್ಮ. ನಿನ್ನ ತೊಡೆ ಮೇಲೆ ಕೂತಿತ್ತಲ್ಲ, ಆ ಪುಟ್ಟದು. ನೋಡಿ ಮನಸ್ಸು ತಡೀಲಿಲ್ಲ. ನಿಂಗೆ ಹಿಡಿಸ್ಲಿಲ್ವಲ್ಲ ಅಂತ ನಾನೇ ತಂದ್ಬಿಟ್ಟೆ."

ಮಿತ್ಸುಯೊ ನಕ್ಕು, ಬಗ್ಗಿ, ಪೊಟ್ಟಣ ತೆಗೆದುಕೊಂಡಳು. ತೆಗೆದುಕೊಂಡ ಮೇಲೆ ಇನ್ನು ಯಾರ ಸದ್ದಿಗೂ ದೂರುವಂತಿಲ್ಲ.

ಯಸುಹಿಕೊ ಬಂದವನು ಮೇಜು ನೋಡಿ ಬೆಚ್ಚಿದ. "ಇನ್ನೂ ಕೊಟ್ಟಿಲ್ವಾ?"

"ಕೊಟ್ಟಾಯ್ತು. ವಾಪಸ್ ಬಂತು."

"ಗಿಟಾರ್?"

"ಮೂರು ಬಂದಿದೆ. ಊಟಕ್ಕೆ ಕೂತ್ಕೊಳ್ಳಿ."

ಎಡಗಡೆಯ ಗೋಡೆಯಾಚೆ ಅಜ್ಜಿ ಒಂದೇ ತಂತಿಯನ್ನು ಮತ್ತೆ ಮತ್ತೆ ಮೀಟುತ್ತಿದ್ದರು. ಸ್ವರ ಇನ್ನೂ ಚೆನ್ನಾಗಿಯೇ ಇತ್ತು. ಮಿತ್ಸುಯೊ ಓನುಕಿಯ ಪೊಟ್ಟಣದ ದಾರ ಬಿಚ್ಚಿ, ಕೇಕಿನ ಒಂದು ದಪ್ಪ ತುಂಡು ಕತ್ತರಿಸಿ, ಗೋಡೆಗೆ ಒರಗಿ ತಿನ್ನತೊಡಗಿದಳು. ಆ ಬೀದಿಯಲ್ಲಿ ಇನ್ನೂ ಬೇಕಾದಷ್ಟು ಅಂಗಡಿಗಳಿದ್ದವು. ಮುಂದಿನ ರಜೆಗೆ ಒಬ್ಬಳೇ ಹೋಗಬೇಕು, ಹಿಂಬದಿಯ ಮೆಟ್ಟಿಲಿನಿಂದ. ಕ್ಷಮೆ ಮುಂಚೆಯೂ ಇಲ್ಲ, ಆಮೇಲೂ ಇಲ್ಲ.

"ಏನ್ ನಗ್ತಿದೀಯ?" ಎಂದ ಗಂಡ.

"ಕೇಕು ಚೆನ್ನಾಗಿದೆ" ಎಂದಳು.