ಗಂಟಲಿಗೊಂದು ಲೋಟ ಉಪ್ಪುನೀರು

ಅವತ್ತು ಬೆಳಿಗ್ಗೆಯೂ ನನ್ನ ದಿನ ಸೂಜಿಗಳಿಂದಲೇ ಶುರುವಾಯಿತು. ಅಂಗಳಕ್ಕೆ ನೀರು ಹಾಕಿ, ಹಾಲು ಕಾಯಲು ಇಟ್ಟು, ಕಿಟಕಿಯ ಬೆಳಕಿಗೆ ಕೂತು ಅತ್ತೆಯವರ ಸೂಜಿಗಳಿಗೆ ಒಂದೊಂದಾಗಿ ದಾರ ಪೋಣಿಸಿದೆ. ಪೋಣಿಸಿದ್ದನ್ನು ಅವರ ತಲೆದಿಂಬಿನ ಅಂಚಿಗೆ ಸಾಲಾಗಿ ಚುಚ್ಚಿಟ್ಟೆ. ಕೊನೆಯ ಸೂಜಿಯ ಕಣ್ಣಿಗೆ ದಾರ ಇನ್ನೇನು ಹೋಯಿತು ಅನ್ನುವಾಗಲೇ ಹಾಲು ಉಕ್ಕುತ್ತದೆ. ಅವತ್ತೂ ಉಕ್ಕಿತು. ಅತ್ತೆಯವರಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ, ಆದರೆ ಕೌದಿ ಹೊಲಿಯುವುದನ್ನು ಬಿಟ್ಟಿಲ್ಲ. ಸಿಂದಗಿಯಲ್ಲಿರುವ ಅವರ ತಂಗಿಯ ಮೊಮ್ಮಗಳು ಬಸುರಿ. ಯುಗಾದಿ ಕಳೆದ ಮೇಲೆ ಹುಟ್ಟಲಿರುವ ಆ ಕೂಸನ್ನು ತಾವು ಹೊಲಿದ ಕೌದಿಯ ಮೇಲೇ ಮಲಗಿಸಬೇಕು ಎಂದು ಅವರು ಮಾತು ಕೊಟ್ಟುಬಿಟ್ಟಿದ್ದಾರೆ. ಮಾತು ಕೊಡುವಾಗ ಕಣ್ಣನ್ನು ಕೇಳಿರಲಿಲ್ಲ.

ನನಗೆ ಹೊಲಿಗೆ ಬರುವುದಿಲ್ಲ ಎಂದೇನಲ್ಲ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕರವಸ್ತ್ರದ ಮೂಲೆಗೆ ಗುಲಾಬಿ ಮೊಗ್ಗು ತೆಗೆಯುವುದನ್ನು ಕಲಿತು ಬಂದವಳು ನಾನು. ಒಮ್ಮೆ ಅತ್ತೆಯವರು ಮಲಗಿದ್ದಾಗ, ಉಪಕಾರ ಮಾಡೋಣವೆಂದು ಕೌದಿಯ ಒಂದು ಅಂಚನ್ನು ನಾನೇ ಹೊಲಿದಿಟ್ಟೆ. ಅವರು ಎದ್ದು, ಕಾಣದ ಕಣ್ಣನ್ನು ನಂಬದೆ ಬೆರಳಿನಿಂದ ಸವರಿ ನೋಡಿ, ಕುಂಟ ಎತ್ತು ನಡೆದುಹೋದ ಹಾಗಿದೆ ಎಂದು ಹೇಳಿ, ಸಂಜೆಯವರೆಗೆ ಕೂತು ಅದನ್ನು ಬಿಚ್ಚಿದರು. ಅವತ್ತಿನಿಂದ ನನಗೆ ದಾರ ಪೋಣಿಸುವ ಹುದ್ದೆಯಷ್ಟೇ ಕಾಯಂ ಆಗಿದೆ.

ಕಣ್ಣಿನ ಆಪರೇಷನ್ನಿಗೆ ವಿಜಯಪುರದಲ್ಲಿ ದಿನ ಗೊತ್ತಾಗಿತ್ತು. ಕಣ್ಣಿನ ಡಾಕ್ಟರು ಎರಡು ಷರತ್ತು ಹಾಕಿದ್ದರು. ಬಿ.ಪಿ. ಇಳಿಯಬೇಕು, ಕೆಮ್ಮು ನಿಲ್ಲಬೇಕು. ಸೂಕ್ಷ್ಮ ಕೆಲಸ ನಡೆಯುವಾಗ ಕೆಮ್ಮಿದರೆ ಕಷ್ಟ ಎಂದರು. ಈ ಸಲದ ಸರದಿ ತಪ್ಪಿದರೆ ಮುಂದಿನದು ಯಾವಾಗಲೋ. ಆಪರೇಷನ್ ಆದಮೇಲೂ ಕೆಲವು ವಾರ ಕಣ್ಣಿಗೆ ವಿಶ್ರಾಂತಿ ಬೇಕು. ಸರದಿ ತಪ್ಪಿದರೆ, ಅಷ್ಟರಲ್ಲಿ ಕೂಸು ಹುಟ್ಟಿ, ಅಂಗಡಿಯ ಹೊದಿಕೆಯ ಮೇಲೆ ಮಲಗುವುದನ್ನು ರೂಢಿ ಮಾಡಿಕೊಂಡಿರುತ್ತದೆ. ಈ ಸಾಧ್ಯತೆಯನ್ನು ಅತ್ತೆಯವರ ಎದುರು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ನಮ್ಮೂರು ಮುದ್ದೇಬಿಹಾಳದಲ್ಲಿ ನಾವು ಯಾವಾಗಲೂ ತೋರಿಸುವ ಡಾಕ್ಟರಿಗೆ ಒಂದು ದೌರ್ಬಲ್ಯ. ನಾನು ಕಾನ್ವೆಂಟಿನವಳೆಂದು ಗೊತ್ತಾದಾಗಿನಿಂದ ನನ್ನ ಹತ್ತಿರ ಅವರು ಇಂಗ್ಲಿಷಿನಲ್ಲೇ ಮಾತಾಡುತ್ತಾರೆ. ಹಿಂದಿನ ಸಲ ಅತ್ತೆಯವರ ಬಿ.ಪಿ. ನೋಡಿ, ಇವರ ಊಟದಲ್ಲಿ ಉಪ್ಪು ಬಹಳ ಕಡಿಮೆಯಾಗಬೇಕು, ಉಪ್ಪಿನಕಾಯಿ, ಹಪ್ಪಳ, ಮೆಣಸಿನಕಾಯಿ ಹಿಂಡಿ ಎಲ್ಲ ಬಂದ್ ಆಗಬೇಕು ಎಂದು ಇಂಗ್ಲಿಷಿನಲ್ಲಿ ವಿವರವಾಗಿ ಹೇಳಿದರು. ಪಕ್ಕದಲ್ಲೇ ಕೂತಿದ್ದ ಅತ್ತೆಯವರು ಯಾವುದೋ ಮದುವೆಯ ಮಾತುಕತೆ ಕೇಳುವವರಂತೆ ನಗುತ್ತ ತಲೆಯಾಡಿಸಿದರು. ಮನೆಗೆ ಬಂದು ಇದನ್ನು ಕನ್ನಡದಲ್ಲಿ ಹೇಳಬೇಕಿತ್ತು. ಬಸವನ ಬಾಗೇವಾಡಿಯ ತವರಿನಿಂದ ವರ್ಷವರ್ಷವೂ ಮಾವಿನಕಾಯಿ ತರಿಸಿ ಭರಣಿ ತುಂಬುವ ಹಿರಿಯರಿಗೆ, ಇನ್ನು ಮುಂದೆ ನಿಮಗೆ ಉಪ್ಪಿಲ್ಲ ಎಂದು ಯಾವ ಬಾಯಿಂದ ಹೇಳಲಿ? ಯಾರ ಮನಸ್ಸಿಗೂ ನೋವಾಗದಂತೆ ಸದ್ದಿಲ್ಲದೆ ಒಳ್ಳೆಯದನ್ನು ಮಾಡಬೇಕು ಎಂದು ನಮಗೆ ಸಾಲೆಯಲ್ಲಿ ಕಲಿಸಿದ್ದರು. ನಾನು ಸದ್ದಿಲ್ಲದೆ ಮಾಡಿದೆ. ಅತ್ತೆಯವರು ಎಲ್ಲರಿಗಿಂತ ಮುಂಚೆ ಉಣ್ಣುವವರು. ಬೇಳೆ ಪಲ್ಯಗಳಿಗೆ ಉಪ್ಪು ಬೀಳುವ ಮೊದಲೇ ಅವರ ಪಾಲನ್ನು ಬೇರೆ ತೆಗೆದಿಡತೊಡಗಿದೆ. ಭರಣಿ ಮೇಲಿನ ಮಾಡಕ್ಕೆ ಹೋಯಿತು.

ಅವರು ಒಂದು ಮಾತೂ ಆಡಲಿಲ್ಲ. ಸಪ್ಪೆ ಬೇಳೆಯನ್ನು ರೊಟ್ಟಿಯ ಜೊತೆ ಉಂಡು, ತಟ್ಟೆ ಎತ್ತಿ ಹಣೆಗೆ ಮುಟ್ಟಿಸಿ ಎದ್ದರು. ಅಡುಗೆಗೆ ಉಪ್ಪೇ ಮುಖ್ಯವಲ್ಲ, ಕೈಗುಣ ಮುಖ್ಯ ಎಂದು ನನ್ನಷ್ಟಕ್ಕೆ ನಾನು ತೀರ್ಮಾನಿಸಿದೆ. ಒಂದೆರಡು ದಿನ ಕೈಗಳನ್ನು ತುಸು ಅಭಿಮಾನದಿಂದಲೂ ನೋಡಿಕೊಂಡೆ.

ಇನ್ನು ಕೆಮ್ಮು. ಅದಕ್ಕೆ ಔಷಧಿ ಹುಡುಕುವುದೇ ಬೇಕಿರಲಿಲ್ಲ. ನಾನು ಬೆಳೆದದ್ದೇ ಉಪ್ಪಿನ ವೈದ್ಯದಲ್ಲಿ. ನಮ್ಮ ಹಾಸ್ಟೆಲಿನಲ್ಲಿ ಮಕ್ಕಳ ಆರೋಗ್ಯ ನೋಡಿಕೊಳ್ಳುತ್ತಿದ್ದ ಸಿಸ್ಟರ್ ಬಳಿ ಒಂದು ಕಪಾಟಿತ್ತು, ಕಪಾಟಿನಲ್ಲಿ ಒಂದು ಉಪ್ಪಿನ ಡಬ್ಬಿ ಇತ್ತು, ಅಷ್ಟೇ. ಗಂಟಲು ನೋವೆಂದರೆ ಬೆಚ್ಚಗಿನ ಉಪ್ಪುನೀರು, ವಸಡು ಊದಿದರೆ ಉಪ್ಪುನೀರು, ಮನೆಯ ನೆನಪಾಗಿ ಅತ್ತರೂ, ಅತ್ತು ಗಂಟಲು ಕಟ್ಟಿರುತ್ತದೆಂದು ಉಪ್ಪುನೀರು. ಚಳಿಗಾಲದ ಬೆಳಗಿನಲ್ಲಿ ಮೋರಿಯ ಉದ್ದಕ್ಕೆ ನಮ್ಮನ್ನು ಸಾಲಾಗಿ ನಿಲ್ಲಿಸಿ, ಲೋಟ ಕೊಟ್ಟು, ಸೀಟಿ ಊದುತ್ತಿದ್ದರು. ಮೊದಲ ಸೀಟಿಗೆ ಎಲ್ಲರೂ ತಲೆ ಹಿಂದಕ್ಕೆ ಹಾಕಿ ಗೊಳಗೊಳ ಎನ್ನಬೇಕು, ಎರಡನೆಯದಕ್ಕೆ ಎಲ್ಲರೂ ಒಟ್ಟಿಗೆ ಉಗುಳಬೇಕು. ಸೀಟಿಗೆ ಮುಂಚೆ ಉಗುಳಿದವಳಿಗೆ ಇನ್ನೊಂದು ಲೋಟ. ಇಷ್ಟು ಶಿಸ್ತಿನಿಂದ ಉಗುಳಲು ಕಲಿತವಳಿಗೆ, ಜಗತ್ತಿನಲ್ಲಿ ಉಗುಳದವರೂ ಇರುತ್ತಾರೆಂಬ ಕಲ್ಪನೆ ಹೇಗೆ ಬರಬೇಕು?

ಅತ್ತೆಯವರಿಗೂ ಉಪ್ಪಿನ ವೈದ್ಯ ಹೊಸದಲ್ಲ. ಮೊಣಕಾಲು ಹಿಡಿದರೆ ಹರಳುಪ್ಪನ್ನು ಹಂಚಿನ ಮೇಲೆ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಕಾವು ಕೊಡುವುದು ಅವರಿಂದಲೇ ನಾನು ಕಲಿತದ್ದು. ಒಮ್ಮೆ ನಮ್ಮ ಮನೆಯವರು ಮಾರ್ಕೆಟ್ ಯಾರ್ಡಿನಲ್ಲಿ ತೊಗರಿ ಚೀಲ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡು ಬಂದಾಗ, ನಾನು ಗಂಟನ್ನು ಹಂಚಿನಿಂದ ನೇರ ಅವರ ಬೆನ್ನಿಗೆ ಒತ್ತಿದೆ. ಸೊಂಟ ಒಂದೇ ಕ್ಷಣದಲ್ಲಿ ಸರಿಹೋಗಿ ಅವರು ಎದ್ದು ನಿಂತರು. ಬೆನ್ನ ಮೇಲೆ ಗುಳ್ಳೆ ಎದ್ದಿತ್ತು. ಮೊದಲು ತನ್ನ ಮುಂಗೈಗೆ ಇಟ್ಟು ನೋಡಬೇಕು, ಆಮೇಲೆ ಮಂದಿಯ ಮೈಗೆ ಎಂದು ಅತ್ತೆಯವರು ಶಾಂತವಾಗಿ ಹೇಳಿದರು. ಶುಗರ್ ಇದ್ದು ಪಾದದ ಸ್ಪರ್ಶ ಮಂಕಾದವರಿಗಂತೂ ಈ ಕಾವೂ ಬೇಡ, ಬಿಸಿ ಉಪ್ಪುನೀರಿನಲ್ಲಿ ಕಾಲಿಡುವುದೂ ಬೇಡ, ಸುಟ್ಟರೂ ತಿಳಿಯುವುದಿಲ್ಲ ಎಂದು ಡಾಕ್ಟರು ಆಮೇಲೆ ಸೇರಿಸಿದರು, ಇಂಗ್ಲಿಷಿನಲ್ಲಿ. ಹೀಗೆ ಪೆಟ್ಟು ತಿಂದು ತಿಂದು ನಾನೂ ಓಣಿಗೆ ಬುದ್ಧಿ ಹೇಳುವಷ್ಟು ಪಳಗಿದ್ದೆ. ಭೇದಿಯಾದಾಗ ಅಂಗಡಿಯಿಂದ ತಂದ ಉಪ್ಪು-ಸಕ್ಕರೆಯ ಪುಡಿಯನ್ನು ಚಮಚೆಯಲ್ಲಿ ಅಂದಾಜು ಮಾಡಬೇಡಿ, ಪ್ಯಾಕೆಟ್ಟಿನ ಮೇಲೆ ಬರೆದಷ್ಟೇ ನೀರಿಗೆ ಇಡೀ ಪ್ಯಾಕೆಟ್ ಹಾಕಿ, ಉಳಿದದ್ದನ್ನು ಮರುದಿನ ಕುಡಿಸಬೇಡಿ ಅನ್ನುತ್ತಿದ್ದೆ. ಮೂಗು ತೊಳೆಯುವವರಿಗೆ ನೀರು ಕುದಿಸಿ ಆರಿಸಿದ್ದೇ ಆಗಬೇಕು ಎನ್ನುತ್ತಿದ್ದೆ. ಸೈಂಧವ ಲವಣ ಬಿ.ಪಿ. ಏರಿಸುವುದಿಲ್ಲ ಎಂದು ವಾದಿಸಿದ ಬಾಜೂ ಮನೆಯ ನೀಲಕ್ಕನಿಗೆ, ಬಣ್ಣ ಬೇರೆಯಾದರೂ ಉಪ್ಪು ಉಪ್ಪೇ ಎಂದು ತಿಳಿಸಿ ಹೇಳಿದ್ದೂ ನಾನೇ. ಇಂಥ ನಾನು ಅತ್ತೆಯವರ ಕೆಮ್ಮಿಗೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚೆ ಉಪ್ಪು ಕದಡಿ, ಗಂಟಲಿಗೆ ಇದು ಎಂದು ಕೈಗೆ ಕೊಡುತ್ತಿದ್ದೆ. ಲೋಟ ಖಾಲಿಯಾಗಿ ವಾಪಸ್ಸು ಬರುತ್ತಿತ್ತು. ಬಚ್ಚಲು ಒಣಗಿಯೇ ಇರುವುದು ಕಣ್ಣಿಗೆ ಬಿದ್ದಿತ್ತು. ಅತ್ತೆಯವರು ಎಷ್ಟು ಸ್ವಚ್ಛ, ಉಗುಳಿದ್ದು ಗೊತ್ತಾಗುವುದಿಲ್ಲವಲ್ಲ ಎಂದುಕೊಂಡಿದ್ದೆ.

ಸೂಜಿಗಳ ಕೆಲಸ ಮುಗಿದ ಮೇಲೆ ಅವತ್ತು ನಮ್ಮ ಡಾಕ್ಟರಲ್ಲಿಗೆ ಹೋಗುವುದಿತ್ತು. ಬಿ.ಪಿ. ಇಳಿದಿದೆ ಎಂದು ಅವರು ಹೇಳಿದರೆ ವಿಜಯಪುರಕ್ಕೆ ಹೊರಡುವುದು. ಅತ್ತೆಯವರು ಇಳಕಲ್ ಸೀರೆ ಉಟ್ಟು, ಆಪರೇಷನ್ ಅವತ್ತೇ ಎನ್ನುವ ಹುಮ್ಮಸ್ಸಿನಲ್ಲಿ ಆಟೋ ಹತ್ತಿದರು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿದರು. ಇಳಿಸಿದರು. ಮತ್ತೆ ಹಾಕಿದರು. ಆಮೇಲೆ ಇನ್ನೊಂದು ತೋಳಿಗೆ ಸುತ್ತಿದರು. ಡಾಕ್ಟರು ತೋಳು ಬದಲಾಯಿಸಿದರೆಂದರೆ ಸುದ್ದಿ ಒಳ್ಳೆಯದಲ್ಲ ಎಂದು ನನಗೂ ಗೊತ್ತು. ಮೊದಲಿಗಿಂತ ಮೇಲೇ ಇದೆ, ಹೀಗಿದ್ದರೆ ಕಳಿಸಲಾಗದು, ಊಟದಲ್ಲಿ ಏನು ಕೊಡುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಸಪ್ಪೆ ಬೇಳೆಯಿಂದ ಹಿಡಿದು ಮಾಡಕ್ಕೇರಿದ ಭರಣಿಯವರೆಗೆ ಎಲ್ಲವನ್ನೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಮಾತ್ರೆ ತಪ್ಪಿಸಿಲ್ಲ ಎಂದೆ. ಕಾರಣ ಡಾಕ್ಟರಿಗೂ ತಿಳಿಯದಾಗಿ, ಅತ್ತೆಯವರ ಕಡೆ ತಿರುಗಿ ಕನ್ನಡದಲ್ಲಿ ಕೆಮ್ಮು ಹೆಂಗೈತ್ರಿ ಎಂದು ಕೇಳಿದರು. ಅತ್ತೆಯವರಿಗೆ ಸೊಸೆಯ ಪರವಾಗಿ ಒಂದು ಒಳ್ಳೆಯ ಮಾತು ಹೇಳಲು ಅವಕಾಶ ಸಿಕ್ಕಿತು.

“ಕೆಮ್ಮು ಕಡಿಮಿ ಐತ್ರಿ. ನಮ್ಮ ಶೋಭಾ ದಿನಾ ಮೂರು ಹೊತ್ತು ಉಪ್ಪಿನ ನೀರು ಮಾಡಿ ಕೊಡ್ತಾಳ. ಒಂದ ಹನಿ ಬಿಡೂದಿಲ್ಲ, ಪೂರಾ ಕುಡೀತೇನಿ.”

ಡಾಕ್ಟರು ಪೆನ್ನನ್ನು ಕೆಳಗಿಟ್ಟರು. ನಾನು ಗೋಡೆಯ ಮೇಲಿದ್ದ ಹೃದಯದ ಚಿತ್ರ ನೋಡತೊಡಗಿದೆ. ಅದಕ್ಕೆ ನೀಲಿ, ಕೆಂಪು ಎರಡೂ ಬಣ್ಣ ಹಚ್ಚಿದ್ದರು.

“ಅಮ್ಮಾರ, ಅದು ಕುಡಿಯೂದಲ್ರಿ. ಬಾಯಾಗ ಗುಳುಗುಳು ಮಾಡಿ ಉಗುಳೂದು,” ಎಂದರು ಡಾಕ್ಟರು.

“ಉಪ್ಪು ಉಗುಳ್ತಾರೇನ್ರಿ?” ಅತ್ತೆಯವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. “ಉಪ್ಪು ಚೆಲ್ಲಿದವರು ಮುಂದಿನ ಜನ್ಮದಾಗ ಅದನ್ನ ಕಣ್ಣರೆಪ್ಪೀಲೆ ಆರಿಸಬೇಕಂತ. ಮದಲ ನನಗ ಕಣ್ಣ ಇಲ್ಲ. ಅಷ್ಟೆಲ್ಲಾ ನಾ ಯಾವಾಗ ಆರಿಸ್ಲಿ?”

ಡಾಕ್ಟರೂ ಇದೇ ಸೀಮೆಯ ಇಂಡಿ ಕಡೆಯವರು. ನಮ್ಮ ತಾಯಿನೂ ಹಿಂಗ ಅಂತಿದ್ರು ಎಂದರು. ದೃಷ್ಟಿ ತೆಗೆದ ಉಪ್ಪನ್ನು ಒಲೆಗೆ ಹಾಕುತ್ತೀರಲ್ಲ ಎಂದು ಒಂದು ಪ್ರಯತ್ನ ಮಾಡಿ ನೋಡಿದರು. ಅದು ಸುಡುವುದು, ಚೆಲ್ಲುವುದಲ್ಲ ಎಂದು ಅತ್ತೆಯವರು ತಕ್ಷಣ ಕಾನೂನು ಬಿಡಿಸಿ ಹೇಳಿದರು. ಹುರಿದು ಕಾವು ಕೊಟ್ಟ ಉಪ್ಪನ್ನೂ ನಮ್ಮ ಮನೆಯಲ್ಲಿ ಚೆಲ್ಲುವುದಿಲ್ಲ, ಡಬ್ಬಿಯಲ್ಲಿಟ್ಟು ಅದನ್ನೇ ಮತ್ತೆ ಹುರಿಯುತ್ತೇವೆ. ಆ ಮೊಕದ್ದಮೆ ಹೂಡಿದ್ದರೂ ಡಾಕ್ಟರು ಸೋಲುತ್ತಿದ್ದರು. ಕೊನೆಗೆ ಅವರು ನನ್ನ ಕಡೆ ತಿರುಗಿದರು. ಊಟದಿಂದ ತೆಗೆದದ್ದನ್ನೆಲ್ಲ ಲೋಟದಲ್ಲಿ ಕೊಟ್ಟಿದ್ದೀರಿ, ಬಹುಶಃ ಅದಕ್ಕಿಂತ ಹೆಚ್ಚೇ ಕೊಟ್ಟಿದ್ದೀರಿ ಎಂದರು. ನನ್ನ ಕಾನ್ವೆಂಟು ಗೊತ್ತಾದ ಮೇಲೆ ಮೊಟ್ಟಮೊದಲ ಬಾರಿಗೆ ಅವರು ನನ್ನೊಂದಿಗೆ ಕನ್ನಡದಲ್ಲಿ ಮಾತಾಡಿದ್ದರು. ಇಂಗ್ಲಿಷಿನ ಗೌರವ ಕಳೆದುಕೊಂಡದ್ದು ನನಗೆ ಚೆನ್ನಾಗಿಯೇ ತಿಳಿಯಿತು.

ಇಂದಿನಿಂದ ಬರೀ ಬೆಚ್ಚಗಿನ ನೀರು ಮುಕ್ಕಳಿಸಲಿ, ಮಾತ್ರೆ ಹಾಗೇ ನಡೆಯಲಿ, ಆಪರೇಷನ್ನಿಗೆ ಇನ್ನೂ ವಾರವಿದೆ, ನಾಲ್ಕೈದು ದಿನ ಬಿಟ್ಟು ಮತ್ತೆ ಕರೆದುಕೊಂಡು ಬನ್ನಿ, ಇಳಿದಿದ್ದರೆ ಸರದಿ ತಪ್ಪುವುದಿಲ್ಲ ಎಂದು ಡಾಕ್ಟರು ಹೇಳಿದರು. ಬರೀ ನೀರಾದರೆ ಎಷ್ಟು ಬೇಕಾದರೂ ಉಗುಳುತ್ತೇನೆ ಎಂದು ಅತ್ತೆಯವರು ಒಪ್ಪಿದರು. ನೀರಿನ ಲೆಕ್ಕವನ್ನು ಮುಂದಿನ ಜನ್ಮದಲ್ಲಿ ಯಾರೂ ಕೇಳುವುದಿಲ್ಲವಂತೆ.

ಆಟೋ ಬಸ್ ಸ್ಟ್ಯಾಂಡ್ ದಾಟಿತು. ಆಮೇಲೆ ಅತ್ತೆಯವರು, ಎದುರಿಗಿನ ಮಬ್ಬನ್ನೇ ನೋಡುತ್ತ ಕೇಳಿದರು.

“ಅಂದ್ರ, ಬ್ಯಾಳಿಗೆ ಉಪ್ಪು ಹಾಕ್ತಿದ್ದಿಲ್ಲ ನೀ?”

“ಇಲ್ರಿ ಅತ್ತಿ.”

“ಬೇಕಂತನ ಹಾಕ್ತಿದ್ದಿಲ್ಲ?”

“ಹೌದ್ರಿ.”

ಸಿಟ್ಟಾಗುತ್ತಾರೆಂದು ಕಾದೆ. ಅವರು ದೊಡ್ಡದೊಂದು ಉಸಿರು ಬಿಟ್ಟು, ಹಾಂಗಿದ್ರ ಚಿಂತಿಲ್ಲ ಬಿಡು ಎಂದು ನನ್ನ ಕೈಯನ್ನು ಎರಡು ಸಲ ತಟ್ಟಿದರು. ಯಾವುದರ ಚಿಂತೆಯಿಲ್ಲ ಎಂದು ನನಗೆ ಅರ್ಥವಾಗಲಿಲ್ಲ. ಎಂಥ ದೊಡ್ಡ ಮನಸ್ಸು ಎಂದುಕೊಂಡೆ. ಮನೆಗೆ ಬಂದು ನಾನು ಕನ್ನಡದಲ್ಲಿ ಎಲ್ಲವನ್ನೂ ಹೇಳಿದೆ: ಉಪ್ಪು ಯಾಕೆ ಬೇಡ, ಭರಣಿ ಯಾಕೆ ಮೇಲೆ ಹೋಯಿತು, ಬಿ.ಪಿ. ಇಳಿದರೆ ಕಣ್ಣು, ಕಣ್ಣು ಬಂದರೆ ಕೌದಿ. ಅವರು ಕೇಳಿ, ಇಷ್ಟ ಮಾತಿಗೆ ಇಷ್ಟ ದಿನ ಬೇಕಾತೇನು ಎಂದಷ್ಟೇ ಹೇಳಿದರು. ಮಧ್ಯಾಹ್ನ ಬಚ್ಚಲಿನಿಂದ ಗೊಳಗೊಳ ಸದ್ದು ಕೇಳಿಬಂತು. ಸೀಟಿಯಿಲ್ಲದೆಯೇ ಬಹಳ ಹೊತ್ತು ನಡೆಯಿತು.

ಸಂಜೆ ಬಾಜೂ ಮನೆಯ ನೀಲಕ್ಕ ಹಾಲಿಗೆ ಹೆಪ್ಪು ಹಾಕಲು ಒಂದು ಚಮಚೆ ಮೊಸರು ಕೇಳಿಕೊಂಡು ಬಂದರು. ಅತ್ತೆಯವರು ಒಳಗೆ ದೀಪ ಹಚ್ಚುತ್ತಿದ್ದರು. ಮೊಸರು ಕೊಟ್ಟೆ. ನೀಲಕ್ಕ ಬಟ್ಟಲು ಹಿಡಿದು ಮೆಟ್ಟಿಲು ಇಳಿದವರು, ಚಪ್ಪಲಿ ಮೆಟ್ಟುತ್ತ, ತಲೆಯೆತ್ತದೆಯೇ ಹೇಳಿದರು:

“ಅಕ್ಕಾರ, ರಾತ್ರಿ ನಾಕು ಬಾದಾಮಿ ನೆನಿ ಹಾಕಿ ಮುಂಜಾನಿ ತಿನ್ರಿ, ಮರವಿಗೆ ಚಲೋ. ನಿಮ್ಮ ಅತ್ತಿಯವರು ಪಾಪ ಓಣಿ ತುಂಬ ಎಲ್ಲಾರಿಗೂ ಹೇಳಿಟ್ಟಾರ, ನಮ್ಮ ಶೋಭಾಗ ಈಗೀಗ ಅಡಗಿಗೆ ಉಪ್ಪು ಹಾಕೂದ ನೆನಪ ಇರೂದಿಲ್ಲ, ಯಾರೂ ಅಕಿ ಮುಂದ ಅನಬ್ಯಾಡ್ರಿ, ಮನಸಿಗೆ ಹಚ್ಕೋತಾಳ, ಆಮ್ಯಾಲ ನೆನಪಾದಾಗ ನೀರಾಗರ ಉಪ್ಪು ಕಲಿಸಿ ತಂದು ಕೊಡ್ತಾಳ ಅಂತ.”